ಕೆರೆಗೆ ಎಸೆದ ಹ್ಯಾಂಡಲ್

ಟ್ರ್ಯಾಕ್ಟರಿನ ಹ್ಯಾಂಡಲ್ಲನ್ನು ವೇಲಚೇರಿ ಕೆರೆಗೆ ಎಸೆದವಳು ಸುಗುಣಾ. ಅದೂ ಗಂಡ ಭೋಜರಾಜನ ಕಣ್ಣೆದುರಿಗೇ.

ಎಪ್ಪತ್ತಮೂರರ ಮಾತು. ಭೋಜರಾಜನಿಗೆ ವಾರವೆಲ್ಲ ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತಿಕೆ. ಭಾನುವಾರ ಬಂತೆಂದರೆ ವೆಸ್ಟ್ ಮಾಂಬಲಂನ ಮನೆಯಿಂದ ಬಸ್ಸು ಹಿಡಿದು ವೇಲಚೇರಿಗೆ ಹೊರಟುಬಿಡುತ್ತಿದ್ದ. ಅಲ್ಲಿ ಅವನಪ್ಪ ಬಿಟ್ಟುಹೋದ ಒಂದಿಷ್ಟು ಗದ್ದೆ, ಒಂದು ಹಳೇ ಟ್ರ್ಯಾಕ್ಟರ್ ಇದ್ದವು. ಅದರ ಸೆಲ್ಫ್ ಸ್ಟಾರ್ಟರ್ ಎಂದೋ ಸತ್ತಿತ್ತು. ಮುಂದೆ ನಿಂತು, ಹ್ಯಾಂಡಲ್ ತೂರಿಸಿ, ತಿರುಗಿಸಿಯೇ ಅದನ್ನು ಎಬ್ಬಿಸಬೇಕು. ಸುಗುಣಾಳೂ ಜೊತೆಗೆ ಬಂದಿದ್ದ ಒಂದು ಭಾನುವಾರ ಎಂಜಿನ್ ಹಿಂದಕ್ಕೆ ಒದೆಯಿತು. ಹ್ಯಾಂಡಲ್ ಗರ್ರನೆ ತಿರುಗಿ ಬಡಿದು ಅವನ ಬಲ ಮಣಿಕಟ್ಟು ಮುರಿಯಿತು. ಕೂಗು ಕೇಳಿ ಬದುವಿನ ಮೇಲೆ ಓಡಿಬಂದ ಸುಗುಣಾ ಮೊದಲು ಮಾಡಿದ ಕೆಲಸ, ಹ್ಯಾಂಡಲ್ಲನ್ನು ಕಿತ್ತು ಪಕ್ಕದ ಕೆರೆಯ ನೀರಿಗೆ ಬೀಸಿದ್ದು.

"ಇನ್ನೊಂದು ಸಲ ಹ್ಯಾಂಡಲ್ ಮುಟ್ಟಿದ್ರೆ ನನ್ನಾಣೆ" ಅಂದಿದ್ದಳು.

ಮೂಳೆ ಕೂಡಿತು. ಭೋಜರಾಜ ಹ್ಯಾಂಡಲ್ಲಿನ ಮಾತೆತ್ತಲಿಲ್ಲ. ಆದರೂ ಭಾನುವಾರ ತಪ್ಪದೆ ಹೋಗುತ್ತಿದ್ದ. ಒಮ್ಮೆ ಜೊತೆಗೆ ಹೋದ ಸುಗುಣಾ ನೋಡಿದಳು: ಅವನು ಸ್ಟೀರಿಂಗ್ ಒರೆಸಿದ, ಎಂಜಿನ್ನಿನ ಮೇಲಿನ ಗೋಣಿತಾಟು ಸರಿಮಾಡಿದ, ಆಮೇಲೆ ಸೀಟಿನ ಮೇಲೆ ಸುಮ್ಮನೆ ಕೂತ.

"ರೀ, ಒಂದ್ಸಲ ಬೈದುಬಿಡಿ ನನ್ನ" ಅಂದಳು.

"ಯಾಕೆ ಬಯ್ಯಲಿ? ಅವತ್ತು ನಿನ್ನ ಮುಖ ನಾನು ನೋಡಿಲ್ವಾ? ನನ್ನ ಕೈಗಿಂತ ನೀನೇ ಹೆಚ್ಚು ನೊಂದಿದ್ದೆ."

ಬೈದಿದ್ದರೆ ಅವಳು ಸುಮ್ಮನಿರುತ್ತಿದ್ದಳೇನೋ. ಆ ಮಾತು ಅವಳನ್ನು ಸುಮ್ಮನಿರಗೊಡಲಿಲ್ಲ. ಮುಂದಿನ ಭಾನುವಾರ ಟಿಫಿನ್ ಡಬ್ಬಿಯಲ್ಲಿ ಚಪಾತಿ ಹಿಟ್ಟು ಕಟ್ಟಿಕೊಂಡು ಬಂದಳು. ಗಂಡ ನೀರು ಕಟ್ಟಲು ಅತ್ತ ಹೋದಾಗ, ಎಂಜಿನ್ನಿನ ಮೂತಿಯಲ್ಲಿ ಹ್ಯಾಂಡಲ್ ಕಚ್ಚಿಕೊಳ್ಳುವ ಹಲ್ಲುಗಳ ಮೇಲೆ ಹಿಟ್ಟನ್ನು ಒತ್ತಿ ಅಚ್ಚು ತೆಗೆದಳು. ಒದ್ದೆ ಬಟ್ಟೆ ಸುತ್ತಿ ಮರುದಿನ ಪುದುಪೇಟೆಯ ಹಳೇ ಸಾಮಾನಿನ ಅಂಗಡಿಗಳಿಗೆ ಒಯ್ದಳು.

"ಎನ್ನಮ್ಮಾ ಇದು, ಚಪಾತಿಯಾ?" ಎಂದು ಅಂಗಡಿಯವನು ನಕ್ಕ. ನಗುತ್ತಲೇ ರಾಶಿ ಕೆದಕಿ ಹಳೇ ಲಾರಿಯ ಹ್ಯಾಂಡಲ್ಲೊಂದನ್ನು ಎಳೆದುಕೊಟ್ಟ. ಉದ್ದ, ದಪ್ಪ ಎಲ್ಲ ಸರಿ. ತುದಿ ಮಾತ್ರ ಬೇರೆ. ಸೈದಾಪೇಟೆಯ ಕಮ್ಮಾರ ಅದನ್ನು ಕಾಯಿಸಿ, ಕೊರೆದು, ಅಚ್ಚಿಗೆ ತಕ್ಕಂತೆ ಅಡ್ಡ ಪಿನ್ನು ಕೂರಿಸಿದ. ಗಂಡ ಆಫೀಸಿಗೆ ಹೋದ ಹೊತ್ತಿನಲ್ಲಿ ಗದ್ದೆಗೆ ಒಯ್ದು ಎಂಜಿನ್ನಿಗೆ ಹಾಕಿ ನೋಡಿದಳು, ಸಡಿಲವಾಗಿತ್ತು. ಹಿಟ್ಟು ಒಣಗಿ ಕುಗ್ಗಿಬಿಟ್ಟಿತ್ತು. ಮತ್ತೆ ಹಿಟ್ಟು ಕಲಸಿದಳು, ಮತ್ತೆ ಬಸ್ಸು ಹತ್ತಿದಳು. ಅದೂ ಸರಿಯಾಗಿ ಕೂರದಿದ್ದಾಗ ಒಂದು ಭಾನುವಾರ ಸೀದಾ ಕಮ್ಮಾರನನ್ನೇ ಗದ್ದೆಗೆ ಕರೆತಂದಳು. ಭೋಜರಾಜನಿಗೆ ಗುಟ್ಟು ಗೊತ್ತಾದದ್ದು ಆಗಲೇ. ಕಮ್ಮಾರ ಪಿನ್ನು ಸರಿಮಾಡಿ ಕೊಟ್ಟ ಮೇಲೆ, ಭೋಜರಾಜ ಹೆಂಡತಿಯ ಕೈಲಿದ್ದ ಕಬ್ಬಿಣವನ್ನು ಮುಟ್ಟದೆ ಬಗ್ಗಿ ನೋಡಿದ.

"ನಿನ್ನಾಣೆ?" ಎಂದ.

"ಅದು ನಿಮ್ಮ ಕೈಗೆ. ನನ್ನ ಕೈಗೆ ಆಣೆ ಇಲ್ಲ. ನಾನು ಹ್ಯಾಂಡಲ್ ಹೊಡೀತೀನಿ, ನೀವು ಕಲಿಸಿ."

ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಮೇಲೆ ಇಟ್ಟ. "ಹೆಬ್ಬೆರಳು ಸುತ್ತಬೇಡ. ಉಳಿದ ಬೆರಳಿನ ಜೊತೇಲೇ ಇರಲಿ. ಕೆಳಗಿಂದ ಮೇಲಕ್ಕೆ ಎಳಿ, ಮೇಲಿಂದ ಒತ್ತಬೇಡ. ಒದ್ರೆ ಕೈ ತಾನಾಗೇ ಬಿಟ್ಟುಕೊಳ್ಳುತ್ತೆ."

ಸುಗುಣಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆದಳು. ಎಂಜಿನ್ ಕೆಮ್ಮಿತು, ಸುಮ್ಮನಾಯಿತು. ಇನ್ನೊಮ್ಮೆ ಎಳೆದಳು, ಮತ್ತೊಮ್ಮೆ. ಆಮೇಲೆ ಕಪ್ಪು ಹೊಗೆ ಉಗುಳಿ ಟ್ರ್ಯಾಕ್ಟರ್ ಗುಡುಗುಡು ಎಂದು ಎದ್ದೇಬಿಟ್ಟಿತು. ಪಕ್ಕದ ಗದ್ದೆಯ ಕೊಕ್ಕರೆಗಳೆಲ್ಲ ಹಾರಿದವು. ಭೋಜರಾಜ ಮಗುವಿನ ಹಾಗೆ ನಕ್ಕ. ಸುಗುಣಾಳಿಗೆ ಅಳು ಬಂತು.

ಅವನು ಸೀಟು ಹತ್ತಿ ಕೈ ಚಾಚಿದ, ಅವಳು ಮಡ್‌ಗಾರ್ಡಿನ ಮೇಲೆ ಕೂತಳು. ನೇಗಿಲು ನೆಲಕ್ಕಿಳಿದು ಮಣ್ಣು ಮಗುಚಿಕೊಳ್ಳತೊಡಗಿತು.

"ರೀ, ಇನ್ಮೇಲೆ ಭಾನುವಾರ ಒಬ್ಬರೇ ಬರಬೇಡಿ" ಅಂದಳು.

ಆ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. "ಏನಂದೆ?"

"ಏನಿಲ್ಲ" ಎಂದು ಕೂಗಿದಳು. "ನಡೀರಿ!"