ಅಂಚಿಗೆ ಗುಂಡಿಲ್ಲದ ನಿಲುವಂಗಿ

ಚರ್ಚಿಗೆ ಸೇರುವವರನ್ನು ನೀರಲ್ಲಿ ಮುಳುಗಿಸುವ ದೀಕ್ಷಾಸ್ನಾನದ ನಿಲುವಂಗಿ ಹೊಲಿಯುವುದು ನೈಟಿ ಹೊಲಿದಷ್ಟೇ ಸುಲಭ ಅಂತ ಯಾರಾದರೂ ಅಂದರೆ ಟೈಲರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ನೀರಿಗಿಳಿದ ಬಟ್ಟೆಯ ಬುದ್ಧಿ ಅವಳಿಗೆ ಗೊತ್ತು. ಸೊಂಟದವರೆಗೆ ನೀರು ಬಂತೋ ಇಲ್ಲವೋ, ಒಳಗೆ ಗಾಳಿ ತುಂಬಿಕೊಂಡು ಕೊಡೆಯಂತೆ ಮೇಲೇಳುತ್ತದೆ. ಹಾಕಿಕೊಂಡವರ ಮಾನ ಇಡೀ ಸಭೆಯ ಮುಂದೆ ಹರಾಜು. ಅದಕ್ಕೇ ಅವಳು ಕೆಳಗಿನ ಅಂಚನ್ನು ಎರಡು ಮಡಿಕೆ ಮಾಡಿ, ಮೀನಿನ ಬಲೆಗೆ ಕಟ್ಟುವಂಥ ಸೀಸದ ಗುಂಡುಗಳನ್ನು ಒಳಗಿಟ್ಟು, ಒಂದೊಂದೂ ಅಲ್ಲಾಡದಂತೆ ಸುತ್ತ ಹೊಲಿಗೆ ಹಾಕುತ್ತಿದ್ದಳು. ಆ ಚರ್ಚಿನ ತೊಟ್ಟಿಗಿಳಿದವರ ಮೊಣಕಾಲು ಇದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಿಲುವಂಗಿಯೊಂದೇ ಅಲ್ಲ. ಮೇಜಿನ ಬಿಳಿ ಬಟ್ಟೆ ಒಗೆದು ಗಂಜಿ ಹಾಕುವವಳು ಅವಳು, ಬೆಂಚು ಒರೆಸುವವಳು ಅವಳು, ಯಾರಾದರೂ ಹಾಸಿಗೆ ಹಿಡಿದರೆ ಅವರ ಮನೆಗೆ ಹೋಗಿ ಪಾತ್ರೆ ತೊಳೆಯುವವಳೂ ಅವಳೇ. ಮಾಡು ಅಂತ ಯಾರೂ ಅಂದಿರಲಿಲ್ಲ, ಬೇಡ ಅನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಮೊದಲ ಬೆಂಚಿನ ತುದಿಯ ಜಾಗ ಅವಳದು. ಹೊಸಬರು ಯಾರಾದರೂ ಗೊತ್ತಿಲ್ಲದೆ ಅಲ್ಲಿ ಕೂತರೆ ಅವಳು ಜಗಳ ಮಾಡುತ್ತಿರಲಿಲ್ಲ, ಎದುರಿಗೆ ನಿಂತು ನೋಡುತ್ತಿದ್ದಳು ಅಷ್ಟೆ. ಪಾಪ, ಅವರಾಗೇ ಏಳುತ್ತಿದ್ದರು.

ಇಂಥವಳ ಗಂಡ ವಾಪಸ್ಸು ಬಂದ.

ಬಂದ ಅಂದರೆ ಮನೆಗಲ್ಲ. ಮನೆಗೆ ಬರಲು ಮುಖ ಎಲ್ಲಿತ್ತು? ಮಗಳಿಗೆ ಇನ್ನೂ ಹಲ್ಲು ಮೂಡುತ್ತಿದ್ದಾಗ ಬೇರೊಬ್ಬಳ ಹಿಂದೆ ಹೋದ ಮಹಾರಾಯ. ಹೋಗುವಾಗ ಬರಿಗೈಲಿ ಹೋಗಲಿಲ್ಲ, ಹೆಂಡತಿಯ ಹೊಲಿಗೆ ಮಷಿನ್ನನ್ನೂ ಹೊತ್ತುಕೊಂಡು ಹೋದ. ಮಷಿನ್ ಇಲ್ಲದ ಟೈಲರು, ನೀವೇ ಯೋಚನೆ ಮಾಡಿ! ಅವಳು ಅಕ್ಕಪಕ್ಕದವರ ಲಂಗ, ದಿಂಬಿನ ಕವರುಗಳನ್ನು ಕೈಹೊಲಿಗೆಯಲ್ಲೇ ಹೊಲಿದು, ಬೆರಳ ತುದಿಯೆಲ್ಲ ಜರಡಿಯಾಗುವಷ್ಟು ಚುಚ್ಚಿಸಿಕೊಂಡು ಮಗಳನ್ನು ಸಾಕಿದಳು. ಮಗಳು ಈಗ ಆಸ್ಪತ್ರೆಯಲ್ಲಿ ನರ್ಸು. ಅದೇ ಆಸ್ಪತ್ರೆಗೇ ಅವನು ಹೊಟ್ಟೆಯ ಆಪರೇಷನ್ನಿಗೆ ಬಂದು ಬಿದ್ದಿದ್ದ. ರೋಗಿಗಳಿಗೆ ಪ್ರಾರ್ಥನೆ ಮಾಡಲು ಹೋದ ಪಾಸ್ಟರ ಕೈ ಹಿಡಿದುಕೊಂಡು ಅತ್ತನಂತೆ. ದೇವರನ್ನು ನಂಬಿದನಂತೆ. ಗುಣವಾದ ಮೇಲೆ ಚರ್ಚಿನ ಕೊನೆಯ ಬೆಂಚಿನಲ್ಲಿ ಬಂದು ಕೂರತೊಡಗಿದ. ಒಂದು ಸಲ ಅವಳ ಬಾಗಿಲಿಗೂ ಬಂದು, "ತಪ್ಪಾಯ್ತು ಕಣೇ" ಅಂದಿದ್ದ. ಅವಳು ಬಾಗಿಲು ಹಾಕಿಕೊಂಡಿದ್ದಳು.

ಅದಾದ ಮೇಲೆ ಪಾಸ್ಟರು ಮನೆಗೆ ಬಂದರು. ಇನ್ನೂ ಎಳೇ ವಯಸ್ಸು. ಕತ್ತರಿಸಿದ ಬಟ್ಟೆಯ ತುಂಡುಗಳ ನಡುವೆ ಸ್ಟೂಲಿನ ಮೇಲೆ ಮುದುರಿ ಕೂತರು.

"ಈ ಭಾನುವಾರ ದೀಕ್ಷಾಸ್ನಾನ ಇದೆ ಟೈಲರಮ್ಮ. ಯಾರಿಗೆ ಅಂತ ನಿಮಗೆ ಗೊತ್ತಲ್ಲ. ನಿಮಗೆ ಕಷ್ಟ ಆದ್ರೆ ನಿಲುವಂಗಿ ಬೇರೆ ಕಡೆ ಹೊಲಿಸ್ತೀನಿ."

"ಬೇರೆಯವರು ಹೊಲಿದು ಕೆಡಿಸೋದೇನೂ ಬೇಡ. ಆದ್ರೆ ಒಂದು ಮಾತು ಅಯ್ಯನವರೇ, ಅವಸರ ಯಾಕೆ? ಒಂದು ವರ್ಷ ಚರ್ಚ್ ಗುಡಿಸ್ಲಿ, ಬೆಂಚು ಒರೆಸ್ಲಿ. ಆಮೇಲೆ ನೋಡೋಣ."

"ಗುಡಿಸಿದ್ರೆ ನೆಲ ಚೊಕ್ಕ ಆಗುತ್ತೆ, ಅಷ್ಟೆ. ಅವರು ನಂಬಿದ್ದಾರೆ ಅಮ್ಮಾ. ದೇವರ ಕೃಪೆಗೆ ಅಷ್ಟು ಸಾಕು."

"ನಂಬಿದ್ದೀನಿ ಅಂದ್ಬಿಟ್ರೆ ಸಾಕಾ? ಹಾಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ದಂಡವಾ?"

ಪಾಸ್ಟರಿಗೆ ಇನ್ನೂ ಸ್ವಲ್ಪ ವಯಸ್ಸಾಗಿದ್ದರೆ ಆ ಮಾತನ್ನು ಹೇಗೋ ತೇಲಿಸಿಬಿಡುತ್ತಿದ್ದರೇನೋ. ಅವರು ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟರು.

"ದಂಡ ಅಲ್ಲ. ಆದ್ರೆ ಅದನ್ನ ಕೊಟ್ಟು ನೀವು ಕೃಪೆ ಪಡೆದಿಲ್ಲ. ನಿಮಗೂ ಅದು ಪುಕ್ಕಟೆಯಾಗೇ ಸಿಕ್ಕಿದ್ದು. ಆ ವಿಷಯದಲ್ಲಿ ಅವರಿಗೂ ನಿಮಗೂ ವ್ಯತ್ಯಾಸ ಇಲ್ಲ."

ಅವರು ಹೋದ ಮೇಲೆ ಟೈಲರಮ್ಮ ಕತ್ತರಿ ಕೈಗೆತ್ತಿಕೊಂಡಳು. ಅವನಿಗೂ ತನಗೂ ವ್ಯತ್ಯಾಸ ಇಲ್ಲವಂತೆ! ಆ ವ್ಯತ್ಯಾಸವೊಂದನ್ನೇ ಹಿಡಿದುಕೊಂಡು ಅವಳು ಬದುಕಿದ್ದಳಲ್ಲ. ಗಂಡ ಬಿಟ್ಟವಳು ಅಂತ ಬೀದಿಯವರು ಆಡಿಕೊಂಡಾಗ ತಲೆಯೆತ್ತಿ ನಡೆದದ್ದು ಅದರ ಬಲದಿಂದ. ಮಷಿನ್ ಅವನು ಹೊತ್ತುಕೊಂಡು ಹೋದ. ಉಳಿದಿದ್ದ ಈ ಒಂದನ್ನೂ ಈಗ ದೇವರೇ ಎತ್ತಿ ಅವನ ಕೈಗೆ ಕೊಡುತ್ತಿದ್ದಾನೆ. ಇನ್ನು ಅವಳ ಹತ್ತಿರ ಉಳಿಯುವುದಾದರೂ ಏನು?

ಆದರೂ ಬಟ್ಟೆ ಕತ್ತರಿಸಿದಳು. ತೋಳು ಕೂರಿಸಿದಳು, ಕತ್ತಿನ ಪಟ್ಟಿ ಹೊಲಿದಳು. ಅಂಚು ಮಡಚಿ ಗುಂಡುಗಳ ಡಬ್ಬಿಯನ್ನು ಪಕ್ಕಕ್ಕೆಳೆದುಕೊಳ್ಳುವ ಹೊತ್ತಿಗೆ ಮಗಳು ಡ್ಯೂಟಿ ಮುಗಿಸಿ ಬಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು:

"ಅಮ್ಮಾ, ಹೊಟ್ಟೆ ಹತ್ರ ಸ್ವಲ್ಪ ಸಡಿಲ ಬಿಡು. ಅಪ್ಪಂಗೆ ಗಾಯ ಮಾಗಿದೆ, ಆದ್ರೂ ಬಿಗಿಯಾದ್ರೆ ನೋವಾಗುತ್ತೆ."

ಅಪ್ಪ! ಆ ಮಾತು ಮಗಳ ಬಾಯಲ್ಲಿ ಬಂದದ್ದು ಅದೇ ಮೊದಲು. ಎಷ್ಟು ಸಲೀಸಾಗಿ ಬಂತು ನೋಡಿ, ದಿನಾ ಕರೆದು ರೂಢಿಯಾದವಳ ಹಾಗೆ. ಟೈಲರಮ್ಮ "ಹೂಂ" ಅಂದಳು. ಡಬ್ಬಿಯ ಮುಚ್ಚಳ ಹಾಕಿ ಗೂಡಿನಲ್ಲಿಟ್ಟಳು. ಬರೀ ಅಂಚನ್ನು ಮಡಚಿ ಹೊಲಿದು, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಕಳಿಸಿದಳು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ವೇದಿಕೆಯ ಮುಂದಿನ ಹಲಗೆಗಳನ್ನು ತೆಗೆದು ತೊಟ್ಟಿ ತುಂಬಿಸಿದ್ದರು. ಅವನು ಮೆಟ್ಟಿಲಿಳಿದ. ಹೇಳಿಕೊಟ್ಟಂತೆ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡಿದ್ದ. ನೀರು ತೊಡೆಗೆ ಬಂದಾಗ ನಿಲುವಂಗಿ ಒಮ್ಮೆ ಉಬ್ಬಿತು. ಸೊಂಟಕ್ಕೆ ಬಂದಾಗ ಪೂರ್ತಿ ಮೇಲೆದ್ದು ಎದೆಯ ಸುತ್ತ ತೇಲಿತು. ಬಡಕಲು ಕಾಲುಗಳು, ಪಟ್ಟೆಪಟ್ಟೆಯ ಚಡ್ಡಿ, ಹೊಟ್ಟೆಗೆ ಅಡ್ಡಲಾಗಿ ಕೆಂಪಗೆ ಗಾಯದ ಗೆರೆ, ಎಲ್ಲ ತಿಳಿನೀರಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಪಾಸ್ಟರು ಒಂದು ಕಡೆ ಬಟ್ಟೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಮಕ್ಕಳು ಕಿಸಕ್ಕೆಂದರು. ಹಾಡುವವರು ರಾಗ ತಪ್ಪಿದರು. ಹಿಂದಿನ ಬೆಂಚಿನಲ್ಲಿ ಯಾರೋ ದೊಡ್ಡವರೇ ನಗು ತಡೆಯಲಾರದೆ ಕೆಮ್ಮಿದರು.

ಟೈಲರಮ್ಮನಿಗೆ ಖುಷಿಯಾಯಿತೇ ಅಂದರೆ, ಸುಳ್ಳು ಯಾಕೆ, ಆಯಿತು. ಬೆಂಕಿ ಬಿದ್ದ ಹೊಟ್ಟೆಗೆ ತಣ್ಣೀರು ಸುರಿದಷ್ಟು ಹಾಯೆನಿಸಿತು. ಆದರೆ ಅವನು ಕೈ ಬಿಡಿಸಿ ಬಟ್ಟೆ ಎಳೆದುಕೊಳ್ಳಲೇ ಇಲ್ಲ. ಅಷ್ಟು ಜನರ ಮುಂದೆ ಹಾಗೇ ನಿಂತು, ನಂಬಿದ್ದೀಯಾ ಅಂತ ಕೇಳಿದಾಗ "ನಂಬಿದ್ದೀನಿ" ಅಂತ ಗಟ್ಟಿಯಾಗಿ ಹೇಳಿ, ಮುಳುಗಿ ಎದ್ದ. ಅವಳ ಖುಷಿ ಅಲ್ಲಿಗೆ ಮುಗಿಯಿತು.

ಒದ್ದೆ ಬಟ್ಟೆ ಇಸಿದುಕೊಳ್ಳುವುದೂ ಅವಳ ಕೆಲಸವೇ. ಬಟ್ಟೆ ಬದಲಿಸುವ ಕೋಣೆಯ ಹೊರಗೆ ಬಕೆಟ್ ಹಿಡಿದು ನಿಂತಿದ್ದಳು. ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದು ನಿಲುವಂಗಿಯನ್ನು ಬಕೆಟ್ಟಿಗೆ ಹಾಕಿದ.

"ಹಾಕ್ಕೊಂಡಾಗ್ಲೇ ಹಗುರ ಅನ್ನಿಸ್ತು," ಅಂದ ಮೆಲ್ಲಗೆ. "ಮದುವೆಯಾದ ಹೊಸತರಲ್ಲಿ ನೀನು ಅಂಚು ಹಿಡೀತಿದ್ದೆ, ನಾನು ಗುಂಡು ತುಂಬ್ತಿದ್ದೆ. ನಂಗೆ ಗೊತ್ತಾಗಲ್ವೇನೇ?"

ಅವಳು ಬಕೆಟ್ ಕೆಳಗಿಟ್ಟಳು. "ಗೊತ್ತಿದ್ದೂ ಇಳಿದ್ರಾ?"

"ಇಳಿದೆ. ನಾನು ನಿನಗೆ ಮಾಡಿದ್ದರ ಮುಂದೆ ಇದೇನು ಮಹಾ? ಯಾರಿಗೂ ಹೇಳಲ್ಲ. ನನ್ನ ಮನಸ್ಸಲ್ಲಿ ಏನೂ ಇಲ್ಲ, ನೀನೂ ಇಟ್ಕೋಬೇಡ."

ಅಂದರೆ? ಕ್ಷಮಿಸಿದನೇ? ಇವನು, ಇವಳನ್ನು? ಬಕೆಟ್ಟನ್ನು ಅವನ ತಲೆಗೆ ಎತ್ತಿ ಹಾಕಬೇಕೆನ್ನಿಸಿತು ಅವಳಿಗೆ. ಅವನು ಬೈದಿದ್ದರೆ, ಪಾಸ್ಟರಿಗೆ ಚಾಡಿ ಹೇಳಿದ್ದರೆ, ಹಳೇ ಮನುಷ್ಯನೇ ಅಂತ ಎಷ್ಟು ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತು. ಪಾಪಿ, ಅದಕ್ಕೂ ಅವಕಾಶ ಕೊಡಲಿಲ್ಲ. ಈಗ ತಪ್ಪು ಮಾಡಿದವಳು ಅವಳು, ಮನ್ನಿಸಿದವನು ಅವನು. ಅವಳಿಗೆ ಅಳು ಬಂತು. ಬಕೆಟ್ಟನ್ನು ಮೂಲೆಗೆ ತಳ್ಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ತನ್ನ ಜಾಗಕ್ಕೆ ಬಂದು ಕೂತಳು.

ಆ ಚರ್ಚಿನಲ್ಲೊಂದು ರೂಢಿ: ಅವತ್ತು ನೀರಿನಿಂದೆದ್ದವರೇ ಕರ್ತನ ಭೋಜನದ ರೊಟ್ಟಿಯ ತಟ್ಟೆ ಹಿಡಿದು ಬೆಂಚಿಂದ ಬೆಂಚಿಗೆ ಬರಬೇಕು. ಮೊದಲ ಬೆಂಚು, ಮೊದಲ ಜಾಗ. ಅವನು ನೇರ ಅವಳ ಮುಂದೆ ಬಂದು ನಿಂತ. ಕೂದಲಿನಿಂದ ಇನ್ನೂ ನೀರಿಳಿಯುತ್ತಿತ್ತು. ತಟ್ಟೆಯನ್ನು ಅವಳೆದುರು ಚಾಚಿದ.

"ತಗೋ," ಅಂದ.

ಬೇಕಿತ್ತು ಅವಳಿಗೆ. ಆ ಚೂರು ರೊಟ್ಟಿ ಅವತ್ತು ಬೇಕೆನಿಸಿದಷ್ಟು ಜನ್ಮದಲ್ಲಿ ಎಂದೂ ಬೇಕೆನಿಸಿರಲಿಲ್ಲ. ಇಷ್ಟು ವರ್ಷ ಅದನ್ನು ಕೂಲಿ ಇಸಿದುಕೊಂಡಂತೆ ಇಸಿದುಕೊಂಡಿದ್ದಳು. ಇವತ್ತು ತೆಗೆದುಕೊಂಡರೆ ಅದು ಕೂಲಿಯಲ್ಲ. ಮಾಡಬಾರದ್ದನ್ನು ಮಾಡಿ, ಅದನ್ನು ಅನುಭವಿಸಿದವನ ಕೈಯಿಂದಲೇ ಬಿಟ್ಟಿಯಾಗಿ ತಿನ್ನಬೇಕು. ತಾನೂ ಅವನೂ ಒಂದೇ ಅಂತ ಎಲ್ಲರೆದುರು ಒಪ್ಪಿಕೊಂಡು ತಿನ್ನಬೇಕು.

"ಕೈ ಮುಂದೆ ಮಾಡಮ್ಮಾ," ಪಕ್ಕದಲ್ಲಿದ್ದ ಮಗಳು ಪಿಸುಗುಟ್ಟಿದಳು.

ಹಾಲಿಲ್ಲದೆ ಈ ಮಗಳು ಅಳುತ್ತಿದ್ದ ದಿನಗಳಲ್ಲೂ ಅವಳು ಯಾರ ಮುಂದೂ ಕೈ ಚಾಚಿದವಳಲ್ಲ. ಕೈ ಮಡಿಲಿನಿಂದ ಮೇಲೇಳಲಿಲ್ಲ.

"ಮುಂದಕ್ಕೆ ಹೋಗಿ," ಅಂದಳು.

ಅವನು ಹೋಗಲಿಲ್ಲ. ತಟ್ಟೆಯನ್ನು ಇನ್ನೊಂಚೂರು ತಗ್ಗಿಸಿ ಹಿಡಿದ. ಪಾಸ್ಟರು ವೇದಿಕೆಯಿಂದ ನೋಡುತ್ತಿದ್ದರು.

"ಹೋಗೀಂದ್ರೆ!"

ತಟ್ಟೆ ಮಗಳ ಕಡೆ ಸರಿಯಿತು. ಮಗಳು ತಗೊಂಡಳು, ಅವಳ ಪಕ್ಕದವರು ತಗೊಂಡರು, ಆಗ ನಕ್ಕವರೂ ಕೆಮ್ಮಿದವರೂ ತಗೊಂಡರು. ಟೈಲರಮ್ಮ ಮೊದಲ ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಹಿಂದೆ ಎಲ್ಲರೂ ತಿನ್ನುವ ಸದ್ದನ್ನು ಕೇಳುತ್ತಾ ಕೂತಿದ್ದಳು.