ಕಾಲುವೆ ಏರಿಯ ಅಡ್ಡಬಿದಿರು

"ಮತ್ತ ಕೈ ಜೋಮು ಹಿಡೀತೇನು?" ಎಂದು ಹಿಂದಿನಿಂದ ಕುಸ್ವಂದಿ ಕೂಗಿದಾಗ ತರ್ಸುನ್ ಬಲಗೈಯನ್ನು ಸೈಕಲ್ಲಿನ ಹ್ಯಾಂಡಲ್ಲಿನಿಂದ ಎತ್ತಿ ಎರಡು ಸಲ ತೊಡೆಗೆ ಬಡಿದುಕೊಂಡ. ಕಿರುಬೆರಳಿಗೂ ಉಂಗುರಬೆರಳಿಗೂ ಆ ಬಡಿತ ತಿಳಿಯಲೇ ಇಲ್ಲ.

"ಮೊಳಕೈ ಸೀಟಿನ ಮೂತಿಗೆ ಇಟ್ಟರ ಬೆರಳಿನ ತುದಿ ಹ್ಯಾಂಡಲ್ ಮುಟ್ಟಬೇಕು. ನಿನ್ನವು ಎಲ್ಲಿ ನಿಂದರ್ತಾವು? ನಾಲ್ಕು ಬೆರಳು ಈಚೆ! ಊರ ಮಂದಿ ಬಾಗಿಲಾ, ಕಪಾಟಾ ಎಲ್ಲಾ ಅಳದು ಮಾಡತಿ. ನಿನ್ನ ಸೈಕಲ್ ಒಂದ ಅಳಿಯಾಕ ಬರಂಗಿಲ್ಲೇನೋ ಬಡಿಗ್ಯಾ?"

"ಅದು ಅಣ್ಣನ ಅಳತಿ. ಇರಲಿ ಬಿಡು."

ಕುಸ್ವಂದಿ ನಿವೃತ್ತ ಶಾಲಾಮಾಸ್ತರ. ತಲೆಯಾಡಿಸಿ ತನ್ನ ಸೈಕಲ್ಲಿನ ಪೆಡಲು ತುಳಿದ. ಸೈಕಲ್ಲು ತರ್ಸುನನ ಅಣ್ಣ ರಸಿತೊನದು. ರಸಿತೊ ತಮ್ಮನಿಗಿಂತ ಒಂದು ತಲೆ ಎತ್ತರದ ಆಳು. ಅವನು ಸತ್ತ ಮೇಲೆ ತರ್ಸುನ್ ಸೊಟ್ಟಗಾಗಿದ್ದ ಮುಂದಿನ ಚಕ್ರವನ್ನು ಬದಲಿಸಿದ್ದ. ಪೆಡಲು ಎಟುಕದೆ ಸೀಟನ್ನು ಮೂರು ಬೆರಳು ಇಳಿಸಿ, ಹಳೆಯ ಎತ್ತರಕ್ಕೆ ಮೊಳೆಯಿಂದ ಒಂದು ಗೆರೆ ಗೀಚಿದ್ದ. ಉಳಿದದ್ದನ್ನು ಮುಟ್ಟಿರಲಿಲ್ಲ. ಹಿಂದಿನ ಚಕ್ರದ ಎರಡೂ ಬದಿಗೆ ತೂಗುವ ಚೀಲಗಳು, ಚೌಕಟ್ಟಿಗೆ ಸಿಕ್ಕಿಸಿದ ಉಕ್ಕಿನ ಗಾಳಿ ಪಂಪು, ಎಲ್ಲವೂ ರಸಿತೊ ಇಟ್ಟಂತೆಯೇ ಇದ್ದವು.

ಪಡುವಣದ ಬನ್ಯುಮಾಸಿನಿಂದ ಸೋಲೊ ಪಟ್ಟಣದತ್ತ ಹೊರಟು ಅದು ಮೂರನೆಯ ದಿನ. ಎಡಗಡೆ ಕಾಲುವೆ ಕೆಂಪಾಗಿ, ತುಂಬಿ ಹರಿಯುತ್ತಿತ್ತು. ಬಲಗಡೆ ಕಟಾವಿಗೆ ಬಂದ ಕಬ್ಬು. ಕಬ್ಬಿನಾಚೆ ಎರಡು ಕಿಲೋಮೀಟರಿನಲ್ಲಿ ಸೋಲೊದ ಹೆದ್ದಾರಿ. ಬೆಟ್ಟದ ಮರಳು ಹೊತ್ತ ಲಾರಿಗಳ ಸದ್ದು ಗಾಳಿ ತಿರುಗಿದಾಗಲೆಲ್ಲ ಇಲ್ಲಿಗೂ ಬರುತ್ತಿತ್ತು. ಆ ಲಾರಿಗಳ ದೆಸೆಯಿಂದಲೇ ದೂರದ ಸವಾರರೆಲ್ಲ ಈ ಕಾಲುವೆ ಏರಿಯನ್ನು ಹಿಡಿಯುತ್ತಿದ್ದರು. ಮೂರು ವರ್ಷದ ಹಿಂದೆ ರಸಿತೊನೂ ಹಿಡಿದಿದ್ದ. ಕರಂಗದುವುರ್ ಎಂಬ ಊರಿನ ಬಳಿ ಏರಿಗೆ ಅಡ್ಡ ಹಾಕಿದ್ದ ಬಿದಿರನ್ನು ಕಾವಲಿನವನು ಎತ್ತಲಿಲ್ಲ. ರಸಿತೊ ಎರಡನೆಯ ಮಾತಾಡದೆ ಹಿಂದಿರುಗಿ ಹೆದ್ದಾರಿಗೆ ಹತ್ತಿದ. ನಾಲ್ಕು ಕಿಲೋಮೀಟರು ಹೋಗುವುದರಲ್ಲಿ ಮರಳು ಲಾರಿಯೊಂದು ಎದುರಿನಿಂದ ನುಗ್ಗಿ ಅವನನ್ನು ಹೊಡೆಯಿತು. ಕುಸ್ವಂದಿ ಅವನ ಹಿಂದೆಯೇ ಇದ್ದ. ರಸ್ತೆಯಿಂದ ಆರಿಸಿಕೊಳ್ಳಬೇಕಾದ್ದನ್ನು ಆರಿಸಿಕೊಂಡವನೂ ಅವನೇ.

"ಬಿದಿರು ಇನ್ನೂ ಇದ್ದರ ಏನ ಮಾಡೂದು?" ಎಂದು ಕುಸ್ವಂದಿ ಬೆಳಿಗ್ಗೆ ಚಹಾದಂಗಡಿಯಲ್ಲಿ ಕೇಳಿದ್ದ.

"ನೋಡೂಣು," ಎಂದಿದ್ದ ತರ್ಸುನ್. ಅವನ ಚೀಲದಲ್ಲಿ ಬಟ್ಟೆ ಸುತ್ತಿದ ಗರಗಸವಿದ್ದದ್ದು ಕುಸ್ವಂದಿಗೆ ಗೊತ್ತಿರಲಿಲ್ಲ.

ಬಿದಿರು ಇತ್ತು. ಎರಡು ಕಂಬಗಳ ನಡುವೆ ತೊಡೆ ಗಾತ್ರದ ಗಳ. ಒಂದು ತುದಿಗೆ ಭಾರಕ್ಕೆಂದು ಕಟ್ಟಿದ ಕಲ್ಲು, ಇನ್ನೊಂದು ತುದಿಗೆ ಸರಪಳಿ, ಬೀಗ. ಪಕ್ಕದ ಸಂದಿಯಲ್ಲಿ ನುಸುಳಬಾರದೆಂದು ಎರಡು ಗೂಟ ಬಡಿದಿದ್ದರು. ಬರಿಗೈಯ ಮನುಷ್ಯ ಬಗ್ಗಿ ಹೋಗಬಹುದಿತ್ತು, ಚೀಲ ತೂಗಿದ ಸೈಕಲ್ಲು ಹೋಗುವಂತಿರಲಿಲ್ಲ. ಬದಿಯಲ್ಲಿ ಕಾವಲುಕಟ್ಟೆ. ಅದರ ಮಾಡಿನಿಂದ ಹಲಸಿನ ಮರದ ಟೊಳ್ಳು ದಿಮ್ಮಿಯೊಂದು ತೂಗುತ್ತಿತ್ತು. ಊರನ್ನು ಕರೆಯಲು ಬಡಿಯುವ ಕೆಂತೊಂಗನ್ ಅದು. ಅದರ ಕೆಳಗೆ ಒಬ್ಬ ಎತ್ತರದ ಮನುಷ್ಯ ಹುಂಜದ ಪಂಜರ ಹೆಣೆಯುತ್ತ ಕುಳಿತಿದ್ದ. ಹೆಸರು ಪರ್ಜಿಮಾನ್. ಬೀಗದ ಕೈ ಅವನ ಸೊಂಟದಲ್ಲಿತ್ತು.

"ಅಲ್ಲೇ ನಿಲ್ಸಿ ಯಜಮಾನ್ರೆ. ಸೈಕಲ್ಗೆ ದಾರಿ ಇಲ್ಲ," ಎಂದ, ತಲೆ ಎತ್ತದೆ.

"ಏರಂಗಿಲ್ಲರಿ, ತಳ್ಳಿಕೋತ ಹೋಗತೇವಿ," ಎಂದ ಕುಸ್ವಂದಿ.

ಪರ್ಜಿಮಾನ್ ನಕ್ಕ. "ಓಹೋ, ಪಡುವಲ ಸೀಮೆಯೋರು! ನಾಟ್ಕದಲ್ಲಿ ಕೋಡಂಗಿ ಬಂದಂಗಾಯ್ತು ನಿಮ್ ಮಾತ್ ಕೇಳಿ. ಇನ್ನೊಂದ್ಸಲ ಹೇಳಿ, ನಮ್ಮವ್ವಂಗೂ ಕೇಳಿಸ್ಲಿ."

"ನಗಬ್ಯಾಡ್ರಿ. ಹೆದ್ದಾರಿಗೆ ಹೋಗಾಕ ನಮಗ ಆಗೂದಿಲ್ಲ."

"ತಳ್ಕೊಂಡ್ ಹೋಯ್ತೀವಿ ಅಂತ ಎಲ್ರೂ ಅಂತಾರೆ. ಆ ತಿರುವು ದಾಟ್ತಿದ್ದಂಗೆ ಹತ್ಕೊಂಡು, ಒಣಗಾಕಿದ್ ಭತ್ತದ್ ಮೇಲೇ ಹೊಡೀತಾರೆ. ನಮ್ಮವ್ವನ ಸೊಂಟ ಮುರ್ದೋರೂ ಹಂಗ್ ಅಂದೋರೆಯ. ನಲವತ್ತು ಜನ, ಭಾನ್ವಾರ. ಒಬ್ಬ್ನಾದ್ರೂ ತಿರುಗ್ ನೋಡಿದ್ನಾ? ಇಲ್ಲ. ಅವತ್ತು ಹಾಕ್ದೆ ಈ ಬಿದಿರು." ಆಗ ಅವನ ಕಣ್ಣು ತರ್ಸುನನ ಸೈಕಲ್ಲಿನ ಮೇಲೆ ನಿಂತಿತು. ಕೈಯಲ್ಲಿದ್ದ ಬಿದಿರ ಸಿಬಿರನ್ನು ಕೆಳಗಿಟ್ಟ. "ಈ ಸೈಕಲ್ ನಾನ್ ನೋಡಿವ್ನಿ. ಉದ್ದಕ್ಕಿದ್ರು ಒಬ್ರು. ಆಮೇಲೆ ರೋಡಲ್ಲಿ..." ಎಂದು ತಡೆದು, "ಅವ್ರು ನಿಮಗೇನಾಗ್ಬೇಕು?" ಎಂದ.

ತರ್ಸುನ್ ಗರಗಸ ಹೊರತೆಗೆದ. ಬಿದಿರಿನ ನಡುಮಧ್ಯಕ್ಕೆ ಹಲ್ಲು ಕೂರಿಸಿ, ಬಾಗಿಲಿನ ಚೌಕಟ್ಟು ಕೊಯ್ಯುವವನ ಶಾಂತಿಯಿಂದ ಕೊಯ್ಯತೊಡಗಿದ. ಕುಸ್ವಂದಿ "ಏ, ಹುಚ್ಚಾ!" ಎಂದದ್ದನ್ನು ಕೇಳಿಸಿಕೊಳ್ಳಲಿಲ್ಲ. ಬಿಳಿಯ ಪುಡಿ ಅವನ ಪಾದದ ಮೇಲೆ ಉದುರುತ್ತಿತ್ತು. ಗಳ ಮೂರರಲ್ಲಿ ಒಂದು ಪಾಲು ಕೊಯ್ದು ಹೋಗಿದ್ದಾಗ ಪರ್ಜಿಮಾನ್ ಬಂದು ಅವನ ಹೆಗಲು ಹಿಡಿದು ಹಿಂದಕ್ಕೆಳೆದ.

"ಬೇಡ ಯಜಮಾನ್ರೆ. ಆ ಪುಣ್ಯಾತ್ಮರ ವಿಷ್ಯ ನಂಗೂ..."

ಮಾತು ಮುಗಿಯಲಿಲ್ಲ. ತರ್ಸುನನ ಎಡಗೈಗೆ ಪಂಪು ಬಂದಿತ್ತು. ಮೊದಲ ಏಟು ದವಡೆಗೆ ಬಿತ್ತು. ಒಣಕಟ್ಟಿಗೆ ಮುರಿದ ಸದ್ದಾಯಿತು. ಎರಡನೆಯದು ಕಿವಿಯ ಹಿಂದೆ. ಪರ್ಜಿಮಾನ್ ಮಂಡಿಯೂರಿದ ಮೇಲೆಯೂ ಮೂರನೆಯದು, ನಾಲ್ಕನೆಯದು ಬಿದ್ದವು. ತರ್ಸುನನ ಬಾಯಿಂದ ಬೈಗುಳ ಬರಲಿಲ್ಲ. ಪ್ರತಿ ಏಟಿಗೂ ಒಂದೇ ಮಾತು: "ತಗೀಬೇಕಿತ್ತು. ತಗೀಬೇಕಿತ್ತು." ಪರ್ಜಿಮಾನ್ ಬಾಯಿ ತೆರೆದಾಗ ರಕ್ತದೊಂದಿಗೆ ಎರಡು ಹಲ್ಲು ಬಂದವು, ಮಾತು ಬರಲಿಲ್ಲ. ಕೆಳದವಡೆ ಒಂದು ಬದಿಗೆ ಜೋತುಬಿದ್ದಿತ್ತು.

ಕುಸ್ವಂದಿ ತರ್ಸುನನನ್ನು ಹಿಡಿಯಲು ಹೋಗಿ ಮೊಣಕೈ ಪೆಟ್ಟು ತಿಂದು ಬಿದ್ದ. ಎದ್ದವನು ಕಟ್ಟೆಗೆ ಓಡಿ ಕೊಡತಿ ಹಿಡಿದು ಕೆಂತೊಂಗನ್ನನ್ನು ಬಡಿದ. ಅವನು ಹಳ್ಳಿಯಲ್ಲಿ ಹುಟ್ಟಿದವನು, ನೇಮ ಗೊತ್ತಿತ್ತು. ಯಾರಿಗಾದರೂ ಪೆಟ್ಟಾದರೆ ಒಂದೊಂದೇ ಏಟು, ಏಟಿಗೂ ಏಟಿಗೂ ನಡುವೆ ಒಂದು ಉಸಿರಿನ ಬಿಡುವು. ಕಳ್ಳನಾದರೆ ಬಿಡುವಿಲ್ಲದ ಬಡಿತ. ನಲವತ್ತು ವರ್ಷ ಇದನ್ನು ಮಕ್ಕಳಿಗೆ ಪಾಠ ಹೇಳಿದ್ದ. ಮೊದಲ ಮೂರು ಏಟು ಬಿಡುವು ಕೊಟ್ಟೇ ಹೊಡೆದನೆಂದು ಅವನು ಇಂದಿಗೂ ಹೇಳುತ್ತಾನೆ. ನಾಲ್ಕನೆಯದರಿಂದ ಅವನ ಕೈ ಅವನ ಮಾತು ಕೇಳಲಿಲ್ಲ. ಎದೆ ಹೊಡೆದುಕೊಂಡಂತೆ ಕೊಡತಿಯೂ ಬಿಡುವಿಲ್ಲದೆ ಹೊಡೆದುಕೊಂಡಿತು.

ಹಿಂದಿನ ವಾರವಷ್ಟೇ ಎರಡು ಎಮ್ಮೆ ಕಳೆದುಕೊಂಡಿದ್ದ ಊರು ಅದು. ಕಬ್ಬಿನೊಳಗಿಂದ ಜನ ಬಂದರು. ಹನ್ನೊಂದು ಜನವೆಂದು ಒಬ್ಬರು, ಇಪ್ಪತ್ತಕ್ಕೆ ಕಡಿಮೆ ಇಲ್ಲವೆಂದು ಇನ್ನೊಬ್ಬರು ಹೇಳುತ್ತಾರೆ. ಮೊದಲ ಏಟು ಯಾರದೆಂಬುದನ್ನು ಇಬ್ಬರೂ ಹೇಳುವುದಿಲ್ಲ. ಕಟಾವಿನ ಮಚ್ಚು ಹಾಗೆಯೇ ಕೈಯಲ್ಲಿತ್ತು. ಅವರು ಕಂಡದ್ದು ಇಷ್ಟು: ಅರೆಬರೆ ಕೊಯ್ದ ಬಿದಿರು, ನೆತ್ತರಲ್ಲಿ ಬಿದ್ದ ಪರ್ಜಿಮಾನ್, ಅವನ ಮೇಲೆ ಪಂಪು ಎತ್ತಿ ನಿಂತ ಪರಸ್ಥಳದವನು.

"ಎಮ್ಮೆ ಕಳ್ಳ ಕಣ್ರೋ! ಹಗಲೊತ್ತೇ ಬಂದವ್ನೆ!"

"ಕಳ್ಳ ಅಲ್ಲರಿ! ಕಳ್ಳ ಅಲ್ಲ, ನಾ ತಪ್ಪಿ ಬಡದೆ!" ಎಂದು ಕುಸ್ವಂದಿ ಅಡ್ಡಬಂದ.

"ಇವ್ನ್ಯಾವನ್ಲಾ ಕೋಡಂಗಿ!" ಯಾರೋ ನಕ್ಕರು. ನಗುತ್ತಲೇ ಮಚ್ಚಿನ ಹಿಡಿಯಿಂದ ಅವನ ಬಾಯಿಗೆ ಗುದ್ದಿದರು. ಇಬ್ಬರು ಅವನನ್ನು ಕೆಡವಿ ಬೆನ್ನ ಮೇಲೆ ಕುಳಿತರು. ಮುಂದಿನದನ್ನೆಲ್ಲ ಅವನು ಮಣ್ಣಿಗೆ ಒತ್ತಿದ ಕೆನ್ನೆಯಿಂದ, ಒಂದೇ ಕಣ್ಣಲ್ಲಿ ನೋಡಿದ.

ಕಬ್ಬಿನ ಜಲ್ಲೆಗಳು ತರ್ಸುನನ ಬೆನ್ನ ಮೇಲೆ ಮುರಿದವು. ಜಲ್ಲೆ ಮುರಿದ ಮೇಲೆ ಕಾಲು ಬಂದವು. ಒಬ್ಬ ಅವನ ಮೂಗನ್ನು ತುಳಿದ. "ಕೈ ಮೇಲೆ ಹಾಕ್ರೋ, ಕದ್ ಕೈ ಮೇಲೆ!" ಎಂದಿತು ಒಂದು ದನಿ. ಅವನ ಬಲಗೈಯನ್ನು ಕಾವಲುಕಟ್ಟೆಯ ಕಲ್ಲಿನ ಮೇಲೆ ಚಾಚಿ ಹಿಡಿದು, ಮಚ್ಚಿನ ಬೆನ್ನಿನಿಂದ ಬಡಿದರು. ಉಂಗುರಬೆರಳು ಹಿಂದುಮುಂದಾಗಿ ಮಡಚಿಕೊಂಡದ್ದು ತರ್ಸುನನಿಗೆ ಕಂಡಿತು, ನೋವು ತಿಳಿಯಲಿಲ್ಲ. ಬೇರೆ ಯಾರದೋ ಬೆರಳೆಂಬಂತೆ ಅದನ್ನು ನೋಡಿದ. ಎರಡನೆಯ ಏಟು ಹೆಬ್ಬೆರಳಿಗೆ ಬಿದ್ದಾಗ ಅವನು ಕೂಗಿದ ಕೂಗು ಕಾಲುವೆಯ ಆಚೆ ದಡದ ಬಾತುಗಳನ್ನು ಎಬ್ಬಿಸಿತು.

"ಬೈಕಿಂದ ಪೆಟ್ರೋಲ್ ತತ್ತಾರೋ!"

ಒಬ್ಬ ಓಡಿದ. ಅವನು ಬೈಕಿನ ಪೈಪು ಕಿತ್ತು ಬಾಟಲಿಗೆ ಹಿಡಿದು ನಿಂತದ್ದನ್ನು ಕುಸ್ವಂದಿ ನೋಡಿದ. ಬಾಟಲಿ ಸಣ್ಣ ಬಾಯಿಯದು. ತುಂಬುವುದಕ್ಕೆ ಹೊತ್ತು ಹಿಡಿಯುತ್ತಿತ್ತು.

ಆ ಹೊತ್ತಿನಲ್ಲಿ ಪರ್ಜಿಮಾನ್ ತೆವಳುತ್ತಿದ್ದ. ಕೈ ಬೀಸಿದ್ದನ್ನು ಯಾರೂ ನೋಡಲಿಲ್ಲ. ಕೂಗಲು ಹೋದರೆ ಬಾಯಿಂದ ಗುಳುಗುಳು ಸದ್ದಷ್ಟೇ ಹೊರಟಿತು. ಒಬ್ಬ ಹೆಂಗಸು, "ಅಯ್ಯೋ, ಅಣ್ಣನ್ ದವಡೆ ನೋಡ್ರೋ, ಏನ್ ಮಾಡವ್ನೆ ಚಂಡಾಲ!" ಎಂದು ಅತ್ತದ್ದರಿಂದ ಏಟುಗಳು ಇನ್ನಷ್ಟು ಬಿರುಸಾದವು. ಪರ್ಜಿಮಾನ್ ಕಟ್ಟೆಯ ಕಂಬ ಹಿಡಿದು ಎದ್ದ. ಕುಸ್ವಂದಿ ಬಿಸಾಡಿದ್ದ ಕೊಡತಿಯನ್ನು ತಡಕಿ ತೆಗೆದುಕೊಂಡ.

ಒಂದು ಏಟು.

ಅವನು ಕಾದ. ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು, ಮಚ್ಚಿನ ಬೆನ್ನು ಕಲ್ಲಿಗೆ ಬಡಿಯುತ್ತಿರುವಾಗಲೂ, ಕಾದ. ಇನ್ನೊಂದು ಏಟು. ಮತ್ತೆ ಕಾದ. ಅವನ ಗದ್ದದಿಂದ ನೆತ್ತರು ದಿಮ್ಮಿಯ ಸೀಳಿಗೆ ಇಳಿಯುತ್ತಿತ್ತು. ಮೂರನೆಯ ಏಟಿಗೆ ಅಂಚಿನಲ್ಲಿದ್ದ ಮುದುಕನೊಬ್ಬ ತಿರುಗಿ ನೋಡಿದ. ನಾಲ್ಕು. ಐದು. ಆ ಊರಿನವರ ಕೈಕಾಲುಗಳಿಗೆ ಆ ಬಿಡುವು ಮೈಯೊಳಗಿನಿಂದ ಗೊತ್ತಿತ್ತು. ಯಾರಿಗೋ ಪೆಟ್ಟಾಗಿದೆ, ಹೊರಬೇಕು, ಬರಿಗೈಯಲ್ಲಿ ಬನ್ನಿ. ಎತ್ತಿದ ಜಲ್ಲೆಯೊಂದು ಎತ್ತಿದಲ್ಲೇ ನಿಂತಿತು. ಏಳು. ಎಂಟು. ಪೆಟ್ರೋಲಿನವನು ಅರ್ಧ ತುಂಬಿದ ಬಾಟಲಿ ಹಿಡಿದು ಬಂದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಬೆನ್ನ ಹಿಂದೆ ಮರೆಮಾಡಿಕೊಂಡ.

"ಕಳ್ಳ ಅಲ್ವಾ, ಅಣ್ಣಾ?" ಎಂದು ಮಚ್ಚಿನವನು ಕೇಳಿದ. ದನಿ ಸಣ್ಣದಾಗಿತ್ತು.

ಪರ್ಜಿಮಾನ್ ಜೋತುಬಿದ್ದ ದವಡೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದುಕೊಂಡು ಅಲ್ಲವೆಂದು ತಲೆಯಾಡಿಸಿದ. ದಿಮ್ಮಿಗೆ ಮತ್ತೊಂದು ಏಟು ಹೊಡೆದ.

ಬಹಳ ಹೊತ್ತಿನ ಮೇಲೆ, ಕೋಲೂರಿ ಒಂದು ಕಾಲೆಳೆಯುತ್ತ, ಅವನ ತಾಯಿ ಸಿನೆಮಜ್ಜಿ ಬಂದಳು. ಮಗನ ಮುಖ ನೋಡಿದಳು. ನೆಲದ ಮೇಲಿದ್ದವನನ್ನು ನೋಡಿದಳು.

"ಮರ ಆಗೋದ್ರೇನ್ರೋ ಎಲ್ರೂ?" ಎಂದಳು. "ಆಸ್ಪತ್ರೆಗೆ ಯಾವ್ದರಲ್ಲಿ ಹೊರ್ತೀರಿ? ಸೊಂಟ ಮುರ್ದಾಗ ನನ್ನ ಹೊತ್ರಲ್ಲ, ಹಂಗೇ ಹೊರ್ರಿ. ಲುಂಗಿ ಬಿಚ್ರೋ ಯಾರಾದ್ರೂ."

"ಗಳ ಎಲ್ಲೈತಜ್ಜಿ?"

ಅಜ್ಜಿ ಕೋಲೆತ್ತಿ ದಾರಿಗಡ್ಡ ಇದ್ದುದನ್ನು ತೋರಿಸಿದಳು.

ಪರ್ಜಿಮಾನ್ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟ. ಸರಪಳಿ ಬಿದ್ದಿತು, ಕಲ್ಲಿನ ಹಗ್ಗ ಕತ್ತರಿಸಿ ಅದನ್ನು ಬೀಳಿಸಿದರು. ಎರಡು ಲುಂಗಿಗಳನ್ನು ಗಂಟು ಹಾಕಿ, ಬಿದಿರಿಗೆ ತೊಟ್ಟಿಲಂತೆ ಕಟ್ಟಿ, ಈಗಷ್ಟೇ ಹೊಡೆದವರೇ ತರ್ಸುನನನ್ನು ಎತ್ತಿ ಅದರಲ್ಲಿ ಮಲಗಿಸಿದರು. ಇಬ್ಬರು ಹೆಗಲು ಕೊಟ್ಟರು. ಗಳ ಬಾಗಿತು, ಗರಗಸದ ಗಾಯ ಕೆಳಮುಖವಾಗಿದ್ದು, ಬಾಯಿಬಿಟ್ಟು ಕಿರ್ರೆಂದಿತು. ಒಳಗಿನಿಂದ ತರ್ಸುನನ ದನಿ ಬಂತು. ಊದಿದ ತುಟಿಗಳ ನಡುವಿನ ಮಾತನ್ನು ಕುಸ್ವಂದಿ ಕಿವಿಯಿಟ್ಟು ಕೇಳಬೇಕಾಯಿತು.

"ಏನಂತೆ?" ಎಂದ ಮುಂದಿನ ಹೆಗಲಿನವನು.

"ಕೊಯ್ದ ಬದಿ ಮ್ಯಾಲ ಮಾಡ್ರಿ ಅಂತಾನ. ಹಂಗಾದ್ರ ಅದುಮಿಕೊಂಡು ಗಟ್ಟಿ ನಿಂದರ್ತದಂತ. ಕೆಳಗಿದ್ದರ ಮುರೀತದಂತ."

ಈ ಸಲ ಅವನ ಮಾತಿಗೆ ಯಾರೂ ನಗಲಿಲ್ಲ. ಬಿದಿರನ್ನು ಇಳಿಸಿ, ತಿರುಗಿಸಿ, ಮತ್ತೆ ಹೆಗಲಿಗೇರಿಸಿದರು. ಗಾಯ ಮುಚ್ಚಿಕೊಂಡಿತು.

ಏರಿಯ ದಾರಿಯಲ್ಲೇ, ಸೋಲೊದ ದಿಕ್ಕಿಗೆ, ಅವರು ನಡೆದರು. ಹೆದ್ದಾರಿಯ ಮಾತನ್ನು ಯಾರೂ ಎತ್ತಲಿಲ್ಲ. ತೊಟ್ಟಿಲ ಅಂಚಿನಿಂದ ತರ್ಸುನನಿಗೆ ಹಿಂದಿನದಷ್ಟೇ ಕಾಣುತ್ತಿತ್ತು: ನಡುವೆ ಏನೂ ಇಲ್ಲದ ಎರಡು ಕಂಬ, ಅವುಗಳ ನಡುವೆ ಭತ್ತದ ಹೊಟ್ಟು ಹಾರುತ್ತಿದ್ದ ದಾರಿ. ದವಡೆಗೆ ತಾಯಿಯ ಸೆರಗಿನ ತುಂಡು ಬಿಗಿದುಕೊಂಡ ಪರ್ಜಿಮಾನ್ ಆ ಕಂಬಗಳ ನಡುವಿನಿಂದ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದ. ತಲೆ ತಿರುಗುತ್ತಿದ್ದುದರಿಂದ ಅದರ ಮೇಲೇ ಒರಗಿದ್ದ. ಮೊಳಕೈ ಸೀಟಿನ ಮೂತಿಯ ಮೇಲಿತ್ತು. ಚಾಚಿದ ಬೆರಳುಗಳ ತುದಿ ಹ್ಯಾಂಡಲ್ಲನ್ನು ಸರಿಯಾಗಿ ಮುಟ್ಟಿತ್ತು.