ಎರಡನೇ ಸರ್ವರಿನ ರೂಮು

ಸಿದ್ದಾರೂಢನಿಗೆ ಕೆಲಸ ಬರುತ್ತಿರಲಿಲ್ಲ ಎಂದು ಯಾರಾದರೂ ಅಂದರೆ ಅವರ ಬಾಯಲ್ಲಿ ಹುಳ ಬೀಳಬೇಕು. ಬಿ.ಟಿ.ಎಂ. ಲೇಔಟಿನ ಮನೆಯೊಂದರ ಎರಡನೇ ಮಹಡಿಯಲ್ಲಿ ತಿರುಮಲೇಶ ನಡೆಸುತ್ತಿದ್ದ ಕನ್ನಡ ಚಾಟ್ ಸೈಟು ಉಸಿರಾಡುತ್ತಿದ್ದದ್ದೇ ಈ ಗದಗಿನ ಹುಡುಗನಿಂದ. ಮೊಬೈಲು ಇನ್ನೂ ದೊಡ್ಡವರ ಸೊತ್ತಾಗಿದ್ದ ಕಾಲ. ಊರಿನ ಬ್ರೌಸಿಂಗ್ ಸೆಂಟರುಗಳಲ್ಲಿ ಕೂತವರೆಲ್ಲ ಬಂದು ಹರಟುತ್ತಿದ್ದದ್ದು ಇವನು ಕಾಯುತ್ತಿದ್ದ ಸರ್ವರ್ ಎಂಬ ಕಂಪ್ಯೂಟರಿನಲ್ಲಿ.

ಮಧುಮತಿ ಅವನಿಗೆ ಸಿಕ್ಕಿದ್ದೂ ಅಲ್ಲೇ. ಧಾರವಾಡದವಳು, ತಿಲಕ್ ನಗರದ ಕಣ್ಣಾಸ್ಪತ್ರೆಯಲ್ಲಿ ರಿಸೆಪ್ಷನಿಸ್ಟು. ಮಧ್ಯಾಹ್ನ ಬುತ್ತಿ ಮುಗಿಸಿ ಪಕ್ಕದ ಬ್ರೌಸಿಂಗ್ ಸೆಂಟರಿಗೆ ಬರುತ್ತಿದ್ದಳು. ಅವಳಿದ್ದ ಮನೆಯ ಓನರ್ ಫೋನಿಗೆ ಗಂಡು ದನಿ ಬಂದರೆ ಅವತ್ತೇ ಮನೆ ಖಾಲಿ ಮಾಡಬೇಕು, ಹಾಗಾಗಿ ಇಬ್ಬರಿಗೂ ಚಾಟ್ ರೂಮೇ ಗತಿ. ಮದುವೆಯ ಮಾತು ಬಂದಾಗ ಜಯನಗರದ ಕಾಂಪ್ಲೆಕ್ಸಿನ ಮೆಟ್ಟಿಲ ಮೇಲೆ ಕೂತು ಅವಳೇ ಷರತ್ತು ಹಾಕಿದಳು.

"ಇಬ್ರೂ ಊರಿಗೆ ಹೋಗಿ ಮನ್ಯಾಗ ಕೇಳೂಣು. ಒಪ್ಪಿದ್ರ ಸೋಮವಾರ ಊಟದ ಹೊತ್ತಿಗೆ ರೂಮಿಗೆ ಬರ್ರಿ. ಇಲ್ಲಂದ್ರ ಬರಬ್ಯಾಡ್ರಿ, ನಾನೂ ಬರೂದಿಲ್ಲ. ಆಮ್ಯಾಲೆ ಹುಡುಕ್ಕೊಂಡು ಮಾತ್ರ ಬರಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ನನಗ ತಡಕೊಳ್ಳಾಕ ಆಗೂದಿಲ್ಲ."

ಊರಲ್ಲಿ ಜಾತಿ ಬೇರೆ ಎಂದು ಅವನವ್ವ ಶಂಕ್ರವ್ವ ಒಂದು ದಿನವೆಲ್ಲ ಅತ್ತಳು, ಆಮೇಲೆ ಒಪ್ಪಿದಳು. ಭಾನುವಾರ ಬಸ್ಸಿಳಿದವನು ನೇರ ಆಫೀಸಿಗೆ ಹೋದ. ಊಟದ ಹೊತ್ತಿನ ನೂಕುನುಗ್ಗಲಿಗೆ ಸೈಟು ಆಗಾಗ ಕುಸಿಯುತ್ತಿತ್ತು. ನಾಳೆ ಅವಳು ಬಂದಾಗಲೇ ಕುಸಿದರೆ? ಡಬ್ಬದಲ್ಲೇ ಬಿದ್ದಿದ್ದ ಎರಡನೇ ಸರ್ವರನ್ನು ತೆಗೆದು ಕೂರಿಸಿದ. ಹೊರಗಿನಿಂದ ಫೈರ್‌ವಾಲ್ ಎಂಬ ಕಾವಲುಗೋಡೆ ದಾಟಿ ಬಂದವರನ್ನು ಎರಡಕ್ಕೂ ಹಂಚುವ ಏರ್ಪಾಡು ಮಾಡಿದ. ಒಂದು ಸೆಂಟರಿನಿಂದ ಬಂದವರು ಯಾವಾಗಲೂ ಒಂದೇ ಸರ್ವರಿಗೆ ಹೋಗುವಂತೆ ಕಟ್ಟಿದ. ಒಂದು ಸರ್ವರಿನ ಮಾತು ಇನ್ನೊಂದಕ್ಕೂ ಕೇಳುವಂತೆ ಜೋಡಿಸಬೇಕಿತ್ತು. ಸಂತೋಷದಲ್ಲಿದ್ದ ಪುಣ್ಯಾತ್ಮ ಅದೊಂದನ್ನು ಮರೆತ.

ಸೋಮವಾರ ಸೈಟು ಬೆಣ್ಣೆಯಂತೆ ಓಡಿತು. ರೂಮಿನ ತುಂಬ ಜನ, ಆದರೆ ಮಧುಮತಿ ಇಲ್ಲ. ಮಂಗಳವಾರವೂ ಇಲ್ಲ. ವಾರವೆಲ್ಲ ಕಾದ. ಅವಳ ಮನೆಯಲ್ಲಿ ಒಪ್ಪಲಿಲ್ಲ ಎಂದುಕೊಂಡ. ಕೊಟ್ಟ ಮಾತಿನಂತೆ ಹುಡುಕಿಕೊಂಡು ಹೋಗಲಿಲ್ಲ. ಅವನ ಎದೆ ಒಡೆದಿತ್ತು, ಊಟ ಸೇರುತ್ತಿರಲಿಲ್ಲ. ದೂರುಗಳನ್ನು ನೋಡುತ್ತಿದ್ದ ರಮ್ಯ ಬಂದು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಸಿದ್ದು, ಫ್ರೆಂಡ್ಸ್ ಕಾಣಿಸ್ತಿಲ್ಲ ಅಂತ ತುಂಬ ಜನ ಮೇಲ್ ಹಾಕ್ತಿದಾರೆ."

"ನನಗೆ ಸರಿಯಾಗೇ ಬರ್ತಿದೆಯಲ್ಲ. ಅವರ ಕಂಪ್ಯೂಟರ್ ನೋಡ್ಕೊಳ್ಳೋಕೆ ಹೇಳಿ."

ಈ ಕಸುಬಿನವರ ಹಾಳು ಚಾಳಿ ಇದು. ತಾನು ಕೂತಲ್ಲಿ ಸರಿ ಇದ್ದರೆ ಲೋಕವೆಲ್ಲ ಸರಿ. ಆಫೀಸಿನ ಕಂಪ್ಯೂಟರುಗಳಿದ್ದದ್ದು ಫೈರ್‌ವಾಲಿನ ಒಳಗೆ, ಅವು ಹಂಚಿಕೆಗೆ ಸಿಕ್ಕದೆ ಸೀದಾ ಮೊದಲನೇ ಸರ್ವರಿಗೇ ಹೋಗುತ್ತಿದ್ದವು. ದೀಪದ ಬುಡದಲ್ಲೇ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.

ಕೆಲವು ತಿಂಗಳಾದ ಮೇಲೆ ರಮ್ಯ ರೇಗಿದಳು. "ಒಂದು ಸಲ ಹೊರಗಡೆ ಹೋಗಿ ನೋಡ್ಬಾರ್ದಾ?" ಅವನು ಹೊರಟ. ದಾರಿಯಲ್ಲಿ ನಾಲ್ಕಾರು ಬ್ರೌಸಿಂಗ್ ಸೆಂಟರುಗಳಿದ್ದರೂ ಕಾಲು ಹೋದದ್ದು ತಿಲಕ್ ನಗರಕ್ಕೆ. ಅವಳು ಬರುವ ಹೊತ್ತಲ್ಲ ಎಂದು ಸಮಾಧಾನ ಹೇಳಿಕೊಂಡ.

ಒಳಗೆ ಕೂತು ರೂಮು ತೆರೆದ. ಯಾರೂ ಪರಿಚಯದವರಲ್ಲ. ಆಫೀಸಿಗೆ ಫೋನು ಮಾಡಿ ಕೇಳಿದರೆ, ಅದೇ ರೂಮಿನಲ್ಲಿ ರಮ್ಯಳಿಗೆ ಕಾಣುತ್ತಿದ್ದ ಹೆಸರುಗಳೇ ಬೇರೆ. ಈ ಸೆಂಟರು ಎರಡನೇ ಸರ್ವರಿಗೆ ಸೇರಿತ್ತು, ಎರಡನ್ನೂ ಜೋಡಿಸಿಯೇ ಇಲ್ಲ ಎಂದು ಆಗ ಹೊಳೆಯಿತು.

ಸೆಂಟರಿನ ಒಡತಿ ಮೀನಾಕ್ಷಮ್ಮನನ್ನು ಕೇಳಿದ. "ಆಂಟಿ, ಕಣ್ಣಾಸ್ಪತ್ರೆಯಿಂದ ಮಧುಮತಿ ಅಂತ ಒಬ್ರು ಬರ್ತಿದ್ರಲ್ಲ?"

"ಆ ಧಾರವಾಡದ ಹುಡುಗೀನಾ? ಒಂದು ಸೋಮವಾರ ಪೇಡ ತಂದು ಎಲ್ಲರಿಗೂ ಹಂಚಿದ್ಳಪ್ಪ, ಮನೇಲಿ ಒಪ್ಪಿದ್ರು ಆಂಟಿ ಅಂತ. ಆ ಹುಡುಗ ಬರಲೇ ಇಲ್ಲ. ವಾರವೆಲ್ಲ ಇದೇ ಕುರ್ಚೀಲಿ ಕೂತು ಕಾದ್ಳು. ನಾನೇ ಹೇಳ್ದೆ, ಹೋಗಿ ಒಂದು ಮಾತು ಕೇಳಮ್ಮ ಅಂತ. ಬರದಿದ್ರೆ ಕೇಳಬಾರ್ದು ಅಂತ ಮಾತಾಗಿದೆ ಅಂದ್ಳು."

"ಈಗ?"

"ಹೋದ ತಿಂಗಳು ಸೋದರಮಾವನ ಮಗನ ಜೊತೆ ಮದುವೆ ಆಯ್ತು. ನಿಮಗೆ ಬೇಕಾದವ್ರಾ?"

ಅವನು ಪರದೆಯ ಕಡೆ ತಿರುಗಿದ. ಅವಳು ಕಾದದ್ದು ಇದೇ ರೂಮಿನಲ್ಲಿ. ಅವಳಿಗೆಂದೇ ಗಟ್ಟಿ ಮಾಡಿದ ಸೈಟು ಅವಳನ್ನು ಇಲ್ಲಿ ಕೂರಿಸಿ, ಅವನನ್ನು ಆ ಕಡೆ ಕೂರಿಸಿತ್ತು. ನಡುವೆ ಗೋಡೆ ಕಟ್ಟಿದ್ದು ಅವನದೇ ಕೈ. ಯಾರನ್ನು ಬಯ್ಯಬೇಕು?

ಅವನ ಬೆರಳುಗಳು ಕೀಬೋರ್ಡಿನ ಮೇಲೆ ಹೋದವು. "ಮದುವಿಗೆ ನಮ್ಮವ್ವ ಒಪ್ಯಾಳ್ರಿ" ಎಂದು ಬರೆದು ಕಳಿಸಿದ.

ಯಾರೋ ಗೊತ್ತಿಲ್ಲದವನು ತಕ್ಷಣ ಉತ್ತರಿಸಿದ. "ಸಖತ್ ಮಗಾ. ಊಟ ಯಾವಾಗ?"